ಚಪ್ಪಾಳೆ ತಟ್ಟುವ ಕ್ಲಾಸು: ಓದುಗರ ಪ್ರಶ್ನೆ, ಮಾಸ್ತರರ ಉತ್ತರ

ಜೂನಿಯರ್ ಕಾಲೇಜು (ನಮ್ಮೂರ ಪಿಯುಸಿ) ಮತ್ತು ಐಟಿಐ ಮಕ್ಕಳ ಗಲಾಟೆ ಬಗ್ಗೆ ಬರೆದು ಕಳಿಸಿ ಅಂತ ಕಳೆದ ಸಂಚಿಕೆಯಲ್ಲಿ ಕೇಳಿದ್ದೇ ತಪ್ಪಾಯಿತು. ಪತ್ರಗಳಿಗೆ ಒಂದು ತರಕಾರಿ ಚೀಲ ಬೇಕಾಯಿತು. ವಾಟ್ಸಾಪ್‌ನಲ್ಲಿ ಬಂದದ್ದು ಬೇರೆ. ನಾನು ಮುಂಬಯಿಯ ಜೂನಿಯರ್ ಕಾಲೇಜಿನಲ್ಲಿ 31 ವರ್ಷ ಸೀಮೆಸುಣ್ಣದ ಪುಡಿ ನುಂಗಿದವನು, ಕೊನೆಯ ಕೆಲವು ವರ್ಷ ರಾತ್ರಿ ಕಾಲೇಜಿನಲ್ಲೂ ಕಲಿಸಿದ್ದೇನೆ. ನನಗೆ ಗೊತ್ತಿರುವುದು ಅಷ್ಟೇ ಪ್ರಪಂಚ. ಆರು ಪತ್ರ ಆರಿಸಿದ್ದೇನೆ. ಊರಿನ ಹೆಸರು ಬಿಟ್ಟು ಉಳಿದ ಗುರುತು ತೆಗೆದಿದ್ದೇನೆ.

ಪ್ರಶ್ನೆ: ಮಾಸ್ತರರೇ, ನಾನು ಕಾರ್ಕಳದವಳು. ಮದುವೆಯಾಗಿ ಥಾಣೆಗೆ ಬಂದು ಎರಡು ವರ್ಷವಾಯಿತು. ಈ ಜೂನ್‌ನಿಂದ ಒಂದು ಜೂನಿಯರ್ ಕಾಲೇಜಿನಲ್ಲಿ ಹನ್ನೊಂದನೇ ಕಾಮರ್ಸ್‌ಗೆ ಬುಕ್ ಕೀಪಿಂಗ್ ಕಲಿಸುತ್ತಿದ್ದೇನೆ. ಬೆಳಿಗ್ಗೆ 7ಕ್ಕೆ ಮೊದಲ ಲೆಕ್ಚರ್, ಒಂದು ಡಿವಿಜನ್‌ನಲ್ಲಿ 90 ಮಕ್ಕಳು. ಬೋರ್ಡ್ ಕಡೆ ತಿರುಗಿದರೆ ಸಾಕು, ಹಿಂದಿನಿಂದ ಬೆಕ್ಕಿನ ಕೂಗು. ನನ್ನ ಮರಾಠಿ ಅಷ್ಟಕ್ಕಷ್ಟೆ. ಒಂದು ದಿನ ‘ನಿಮ್ಮ ನೋಟ್‌ಬುಕ್’ ಅನ್ನುವುದಕ್ಕೆ ‘ತುಮ್ಚಾ ವಹಿ’ ಅಂದುಬಿಟ್ಟೆ. ಇಡೀ ಕ್ಲಾಸು ‘ತುಮ್ಚೀ ಮಿಸ್, ತುಮ್ಚೀ’ ಎಂದು ರಾಗ ಎಳೆಯಿತು. ಈಗ ದಿನಾ ಅದೇ ಹಾಡು. ಮೊನ್ನೆ ಒಬ್ಬನನ್ನು ಹೊರಗೆ ಕಳಿಸಿದೆ. ಅವನು ಮಂತ್ರಿಯ ಹಾಗೆ ಕೈಮುಗಿಯುತ್ತಾ ಹೋದ, ಎಲ್ಲರೂ ಚಪ್ಪಾಳೆ ತಟ್ಟಿದರು. ಕ್ಲಾಸ್ ಕಂಟ್ರೋಲ್ ಇಲ್ಲ ಅಂತ ಪ್ರಿನ್ಸಿಪಾಲರು ಹೇಳುತ್ತಾರೆ. ಕೆಲಸ ಬಿಟ್ಟುಬಿಡಲೇ? – ಹೆಸರು ಬೇಡ, ಥಾಣೆ

ಉತ್ತರ: ಬಿಡಬೇಡಿ ತಂಗಿ. ದೀಪಾವಳಿ ರಜೆ ಮುಗಿಯುವ ತನಕ ಅಂತೂ ಬಿಡಬೇಡಿ.

ನೀವು ಬರೆದದ್ದರಲ್ಲಿ ಮುಖ್ಯವಾದ ಮಾತು ಆ ಚಪ್ಪಾಳೆ. ನೀವು ಕಾರ್ಕಳದವರು, ಯಕ್ಷಗಾನ ನೋಡಿಯೇ ಇರುತ್ತೀರಿ. ವೇಷಧಾರಿ ರಂಗಸ್ಥಳದಲ್ಲಿದ್ದಾಗ ಅವನಿಗೆ ಯಾರಾದರೂ ಬೈದರೆ ಏನಾಗುತ್ತದೆ? ಇನ್ನೂ ಎರಡು ಸುತ್ತು ಜಾಸ್ತಿ ಕುಣಿಯುತ್ತಾನೆ. ಅವನ ಹತ್ತಿರ ಮಾತಾಡಬೇಕಾದರೆ ಚೌಕಿಗೆ ಹೋಗಬೇಕು, ಅವನು ಕಿರೀಟ ಬಿಚ್ಚಿಟ್ಟು ಚಹಾ ಕುಡಿಯುವಾಗ. ಹದಿನಾರು ಹದಿನೇಳರ ಹುಡುಗನ ಗಲಾಟೆ ನಿಮಗಾಗಿ ಅಲ್ಲ, ಪಕ್ಕದ ಬೆಂಚಿನವನಿಗಾಗಿ. ನೀವು ಎಲ್ಲರ ಎದುರು ಅವನ ಮೇಲೆ ಏರಿ ಹೋದಿರಿ ಅಂದರೆ ಅವನಿಗೆ ಪಾತ್ರ ಕೊಟ್ಟಿರಿ, ಹೊರಗೆ ಕಳಿಸಿದಿರಿ ಅಂದರೆ ಅವನಿಗೆ ನಿರ್ಗಮನದ ಪದ್ಯವನ್ನೂ ಹಾಡಿದಿರಿ.

ಜೇಕಬ್ ಕೂನಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಒಮ್ಮೆ ಕಾಲೇಜಿನಲ್ಲಿ ಪಾಠ ಮಾಡುವಾಗ ಒಬ್ಬ ಪೇಪರ್ ಓದುತ್ತಾ ಕೂತಿದ್ದ. ಅವನಿಗೆ ಗದರಿದರು. ನೋಡಿದರೆ ಬೈಸಿಕೊಳ್ಳದವರೂ ನೆಟ್ಟಗೆ ಕೂತರು. ಒಬ್ಬನಿಗೆ ಬೈದದ್ದು ಉಳಿದವರಿಗೆ ಹೇಗೆ ತಟ್ಟುತ್ತದೆ ಎಂದು ಅವರಿಗೆ ಕುತೂಹಲ ಹುಟ್ಟಿತು. ವರ್ಷಗಟ್ಟಲೆ ತರಗತಿಗಳಲ್ಲಿ ಕೂತರು, ವಿಡಿಯೊ ಮಾಡಿ ನೋಡಿದರು. 1970ರಲ್ಲಿ ಅದನ್ನೆಲ್ಲ ಪ್ರಕಟಿಸಿದಾಗ ಹೇಳಿದ್ದು ತಮಾಷೆಯಾಗಿದೆ: ಶಿಕ್ಷಕರು ಬೈಯುವ ಬಗೆ ಹೇಗಿದ್ದರೂ ತರಗತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ! ವ್ಯತ್ಯಾಸ ಇರುವುದು ಬೈಯುವ ಪ್ರಸಂಗ ಬರುವ ಮೊದಲು ಶಿಕ್ಷಕರು ಏನು ಮಾಡುತ್ತಿದ್ದರು ಎಂಬುದರಲ್ಲಿ. ಎಲ್ಲಿ ಏನು ನಡೀತಿದೆ ಅಂತ ಟೀಚರಿಗೆ ಗೊತ್ತು ಎಂದು ಮಕ್ಕಳಿಗೆ ಅನಿಸಬೇಕು, ಎರಡು ಕೆಲಸ ಒಟ್ಟಿಗೆ ನಿಭಾಯಿಸಬೇಕು, ಪಾಠ ನಡುವೆ ನಿಂತು ಮುಗ್ಗರಿಸಬಾರದು. ಅವರು ಜಾಸ್ತಿ ನೋಡಿದ್ದು ಚಿಕ್ಕ ಮಕ್ಕಳ ತರಗತಿಗಳನ್ನು, ಆದರೆ ನನ್ನ ಅನುಭವದಲ್ಲಿ ಕಾಮರ್ಸ್ ಹುಡುಗರಿಗೂ ಇದು ಒಪ್ಪುತ್ತದೆ.

ಹಾಗಾದರೆ ಸೋಮವಾರದಿಂದ ಏನು ಮಾಡುತ್ತೀರಿ? ಮೊದಲು ಬೆನ್ನು ತೋರಿಸುವುದನ್ನು ನಿಲ್ಲಿಸಿ. 7ಕ್ಕೆ ಲೆಕ್ಚರ್ ಅಂದರೆ 6:50ಕ್ಕೆ ಹೋಗಿ, ಬೋರ್ಡಿನ ಮೇಲೆ ಒಂದೇ ಒಂದು ವ್ಯವಹಾರ ಬರೆದಿಡಿ. ‘ಮೂಲೆಯ ಕ್ಯಾಂಟೀನಿಗೆ 5,000 ರೂಪಾಯಿಯ ಸರಕು ಉದ್ರಿ ಮಾರಿದೆ. ಎಂಟ್ರಿ ಬರೆಯಿರಿ.’ ಆಮೇಲೆ ಬಾಗಿಲಲ್ಲಿ ನಿಲ್ಲಿ. ಬರುವವರ ಮುಖ ನೋಡಿ, ಗೊತ್ತಿದ್ದರೆ ಹೆಸರು ಹೇಳಿ, ಬೋರ್ಡ್ ತೋರಿಸಿ. ಅವರು ಕ್ಯಾಂಟೀನನ್ನು ಡೆಬಿಟ್ ಮಾಡಬೇಕೋ ಸೇಲ್ಸನ್ನೋ ಅಂತ ತಲೆ ಕೆರೆಯುತ್ತಿರುವಾಗ ನೀವು ಸುಮ್ನೆ ಹಾಜರಿ ಹಾಕಿಕೊಳ್ಳಿ. 90 ಜನರ ಹೆಸರು ಕೂಗುತ್ತಾ ಕೂತರೆ ಹತ್ತು ನಿಮಿಷ ಹೋಗುತ್ತದೆ, ಆ ಹತ್ತು ನಿಮಿಷ 89 ಜನರಿಗೆ ಕೆಲಸ ಇರುವುದಿಲ್ಲ. ನಿಮ್ಮ ಬೆಕ್ಕು ಹುಟ್ಟುವುದು ಅಲ್ಲೇ.

ತಡವಾಗಿ ಬರುವವರನ್ನು ಬಾಗಿಲಲ್ಲಿ ನಿಲ್ಲಿಸಿ ವಿಚಾರಣೆ ಮಾಡಬೇಡಿ. ಬದ್ಲಾಪುರ, ಟಿಟ್ವಾಳಾದಿಂದ ಬರುವ ಮಗುವಿಗೆ ಲೋಕಲ್ ಕೈಕೊಟ್ಟಿರಬಹುದು, ಕೈಕೊಡದೆಯೂ ಇರಬಹುದು. ಹಿಂದಿನ ಬಾಗಿಲಿಂದ ಬಂದು ಕೂತು ಎಂಟ್ರಿ ಬರೆಯಲಿ. ವಿಚಾರಣೆ ಲೆಕ್ಚರ್ ಮುಗಿದ ಮೇಲೆ.

ಬೆಕ್ಕು ಕೂಗಿದಾಗ ‘ಯಾರದು?’ ಅಂತ ಕೇಳಲೇಬೇಡಿ. ಉತ್ತರ ಬರುವುದಿಲ್ಲ, ನಿಮಗೆ ಗೊತ್ತಿಲ್ಲ ಎನ್ನುವುದು ಮಾತ್ರ 90 ಜನರಿಗೆ ಗೊತ್ತಾಗುತ್ತದೆ. ಪಾಠ ನಿಲ್ಲಿಸದೆ, ಮಾತಾಡುತ್ತಲೇ ಆ ಕಡೆ ನಡೆದು ಹೋಗಿ. ಕೊನೆಯ ಬೆಂಚಿನ ಪಕ್ಕ ನಿಂತು ಐದು ನಿಮಿಷ ಪಾಠ ಮಾಡಿ. ಬೋರ್ಡಿನ ಮೇಲೆ ಬರೆಯುವುದಿದ್ದರೆ ಮಕ್ಕಳಲ್ಲೇ ಒಬ್ಬರನ್ನು ಕಳಿಸಿ. ಯಾರಿಗಾದರೂ ಹೇಳಲೇಬೇಕು ಅಂತಾದರೆ ಸಣ್ಣ ದನಿಯಲ್ಲಿ ಹೆಸರು, ಮಾಡಬೇಕಾದ ಕೆಲಸ, ಎರಡೇ ಹೇಳಿ. ‘ಮಾತು ನಿಲ್ಲಿಸು’ ಅಲ್ಲ, ‘ವಹಿ ತೆಗೆ’. ಹೇಳಿದ ಕೂಡಲೇ ಮುಖ ತಿರುಗಿಸಿ ಮುಂದೆ ಹೋಗಿ. ಇದು ಬಹಳ ಮುಖ್ಯ. ನೀವು ಅಲ್ಲೇ ನಿಂತು ಕಣ್ಣಲ್ಲಿ ಕಣ್ಣಿಟ್ಟರೆ ಅವನು ಸೋಲಬೇಕಾಗುತ್ತದೆ, ಸೋಲುವುದಕ್ಕೆ ಅವನಿಗೆ ಆಗುವುದಿಲ್ಲ. ನೀವು ಅತ್ತ ಹೋದರೆ ಅರ್ಧ ನಿಮಿಷ ತಡ ಮಾಡಿ, ತಾನೇ ಮನಸ್ಸು ಮಾಡಿದವನ ಹಾಗೆ ಮುಖ ಮಾಡಿಕೊಂಡು ವಹಿ ತೆಗೆಯುತ್ತಾನೆ. ತೆಗೆಯಲಿ ಬಿಡಿ. ನಿಮಗೆ ಬೇಕಾದದ್ದು ವಹಿ ಅಲ್ವಾ?

ಇನ್ನು ‘ತುಮ್ಚೀ’. ಮುಚ್ಚಿಟ್ಟಷ್ಟು ದಿನ ಅದು ಅವರ ಆಸ್ತಿ. ನೀವೇ ತೆಗೆದು ಮೇಜಿನ ಮೇಲೆ ಇಡಿ. ಕನ್ನಡದಲ್ಲಿ ವಸ್ತುಗಳಿಗೆಲ್ಲ ಒಂದೇ ಲಿಂಗ, ಪುಸ್ತಕವೂ ‘ಅದು’, ಬೋರ್ಡೂ ‘ಅದು’. ಮರಾಠಿಯಲ್ಲಿ ವಹಿ ಹೆಣ್ಣು, ಫಳಾ ಅಂದರೆ ಬೋರ್ಡು ಗಂಡು, ಪುಸ್ತಕ ಎರಡೂ ಅಲ್ಲ. ‘ನಮ್ಮೂರಲ್ಲಿ ಬೋರ್ಡಿಗೆ ಮೀಸೆ ಇಲ್ಲ, ನಿಮ್ಮೂರಲ್ಲಿ ಇದೆ, ನನಗೆ ಅಭ್ಯಾಸ ಆಗುವ ತನಕ ನೀವೇ ಕಲಿಸಬೇಕು’ ಅಂತ ನಗುತ್ತಾ ಹೇಳಿ. ಆ ಮಂತ್ರಿಯನ್ನೇ ಮರಾಠಿ ಮಾಸ್ತರ ಮಾಡಿ: ಲೆಕ್ಚರಿನ ಕೊನೆಯ ಎರಡು ನಿಮಿಷ ಅವನದು, ನಿಮ್ಮ ಆ ದಿನದ ತಪ್ಪುಗಳನ್ನು ತಿದ್ದಬಹುದು, ಬದಲಿಗೆ ಆ ದಿನದ ಎಂಟ್ರಿ ಅವನು ಬೋರ್ಡಿನ ಮೇಲೆ ಬಿಡಿಸಬೇಕು. ನಾನು ಇದೇ ಊರಲ್ಲಿ ‘ಮೈ ಆತೀ ಹೂಂ’ ಅಂತ ಹಿಂದಿಯಲ್ಲಿ ಹೆಂಗಸರ ಹಾಗೆ ಹೇಳಿ ಒಂದು ವರ್ಷ ‘ಆತೀ ಸರ್’ ಆಗಿದ್ದೆ. ಸತ್ತಿಲ್ಲ.

ಪ್ರಿನ್ಸಿಪಾಲರ ಮಾತನ್ನು ಸದ್ಯ ಒಂದು ಕಿವಿಯಲ್ಲಿ ಕೇಳಿ. ಬೇಕಾದರೆ ಅವರನ್ನೇ ಒಂದು ದಿನ 7 ಗಂಟೆಗೆ ಕರೆಯಿರಿ. ಬರಲಾರರು.

ಪ್ರಶ್ನೆ: ಸರ್ ನಮಸ್ಕಾರ. ನಾನು ಮೂಲತಃ ಬಾಗಲಕೋಟೆ ಜಿಲ್ಲೆಯವನು, ಕಲ್ಯಾಣದ ಆಚೆ ಒಂದು ಐಟಿಐನಲ್ಲಿ ಫಿಟರ್ ಟ್ರೇಡಿನ ಇನ್‌ಸ್ಟ್ರಕ್ಟರ್. ಬ್ಯಾಚಿನಲ್ಲಿ 20 ಹುಡುಗರು, 16ರಿಂದ 22ರ ತನಕ ವಯಸ್ಸು. ಕಾಟನ್ ವೇಸ್ಟ್ ಉಂಡೆ ಮಾಡಿ ಎಸೆಯುತ್ತಾರೆ, ಲೇತ್ ಪಕ್ಕ ನಿಂತು ರೀಲ್ಸ್ ಮಾಡುತ್ತಾರೆ. ಹೋದ ವಾರ ಒಬ್ಬ ಕಂಪ್ರೆಸರಿನ ಗಾಳಿ ಪೈಪನ್ನು ಗೆಳೆಯನ ಅಂಗಿಯೊಳಗೆ ಹಿಡಿದ. ನನ್ನ ಕೈ ಮೇಲೆದ್ದಿತ್ತು, ಹೇಗೋ ತಡೆದೆ. ನಾವು ಕಲಿಯುವಾಗ ಉಸ್ತಾದರು ಸ್ಟೀಲ್ ರೂಲರಿನಿಂದಲೇ ಬಾರಿಸುತ್ತಿದ್ದರು, ನಾವೆಲ್ಲ ಸರಿಯಾಗಿಯೇ ಬೆಳೆದೆವು. ಒಂದೇಟು ಹಾಕಿದರೆ ಅಷ್ಟು ತಪ್ಪಾ? – ಒಬ್ಬ ಇನ್‌ಸ್ಟ್ರಕ್ಟರ್, ಕಲ್ಯಾಣ್

ಉತ್ತರ: ಹೌದು, ತಪ್ಪು. ಕೈ ತಡೆದದ್ದಕ್ಕೆ ನಿಮಗೊಂದು ಶಾಬಾಸ್.

ಕಾನೂನಿನ ವಿಷಯ ಎರಡು ಸಾಲಲ್ಲಿ ಮುಗಿಸುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಅದು 6ರಿಂದ 14ರ ಮಕ್ಕಳ ಕಾಯ್ದೆ, ನನ್ನ ಹುಡುಗರಿಗೆ ಅನ್ವಯಿಸಲ್ಲ ಅಂತ ನೀವು ಹೇಳಬಹುದು. ಆದರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ 18 ತುಂಬದ ಎಲ್ಲರಿಗೂ ಇದೆ: ಮಗುವಿನ ಹೊಣೆ ಹೊತ್ತವರೇ ಕ್ರೌರ್ಯ ನಡೆಸಿದರೆ 3 ವರ್ಷದ ತನಕ ಜೈಲು. 18 ದಾಟಿದವನಿಗೆ ಹೊಡೆದರೆ ಅದು ಬೀದಿಯಲ್ಲಿ ಹೊಡೆದ ಹಾಗೆಯೇ, ಸೀದಾ ಹಲ್ಲೆ. ನಿಮ್ಮ ಉಸ್ತಾದರು ಹೊಡೆದದ್ದರಿಂದ ನೀವು ಸರಿಯಾದಿರೋ, ಹೊಡೆದರೂ ಸರಿಯಾದಿರೋ, ಅದನ್ನು ಬಿಡಿಸುವುದು ಕಷ್ಟ. ಏಟು ತಾಳದೆ ಬಿಟ್ಟು ಹೋದವರು ಈ ಪತ್ರ ಬರೆಯುವುದಿಲ್ಲ ನೋಡಿ.

ಆದರೆ ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಸಂಗತಿ ಕಲಸಿಹೋಗಿವೆ. ಕಾಟನ್ ವೇಸ್ಟ್ ಎಸೆಯುವುದು ತಲೆನೋವು. ಗಾಳಿ ಪೈಪು ಜೀವದ ಪ್ರಶ್ನೆ. ಒತ್ತಡದ ಗಾಳಿ ಗಾಯದ ಮೂಲಕ ರಕ್ತಕ್ಕೋ, ಹೊಟ್ಟೆಗೋ ಹೊಕ್ಕರೆ ಪ್ರಾಣವೇ ಹೋಗಬಹುದು, ಕಿವಿಗೆ ಹಿಡಿದರೆ ತಮಟೆ ಹರಿಯಬಹುದು. ಲೇತಿನ ಚಕ್ಕಿನಲ್ಲಿ (ಲೋಹದ ತುಂಡನ್ನು ಕಚ್ಚಿ ಹಿಡಿಯುವ ಭಾಗದಲ್ಲಿ) ಮರೆತ ಕೀ ಮೆಷಿನ್ ಶುರುವಾದ ಕ್ಷಣ ಕವಣೆಕಲ್ಲಿನಂತೆ ಹಾರುತ್ತದೆ. ಸಡಿಲ ತೋಳಿನ ಅಂಗಿಯನ್ನು ತಿರುಗುವ ಶಾಫ್ಟು ಎಳೆದುಕೊಂಡರೆ ಬಿಡಿಸಿಕೊಳ್ಳುವ ಹೊತ್ತು ಸಿಗುವುದಿಲ್ಲ. ಇದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹೀಗಾಗಿ ಜೀವದ ಪ್ರಶ್ನೆಗೆ ಎಚ್ಚರಿಕೆ, ಎರಡನೇ ಅವಕಾಶ, ಉಪದೇಶ ಯಾವುದೂ ಬೇಡ. ಮೆಷಿನ್ ಬಂದ್. ಆ ಹುಡುಗ ಆ ದಿನ ಯಾವ ಮೆಷಿನ್ನನ್ನೂ ಮುಟ್ಟುವುದಿಲ್ಲ, ಬೆಂಚಿನಲ್ಲಿ ಕೂತು ಡ್ರಾಯಿಂಗ್ ಮಾಡುತ್ತಾನೆ. ರಿಜಿಸ್ಟರಿನಲ್ಲಿ ಬರೆದು ಅವನ ಸಹಿ ತಗೊಳ್ಳಿ. ಈ ಪಟ್ಟಿಯನ್ನು ಮೊದಲ ದಿನವೇ ಗೋಡೆಗೆ ಹಚ್ಚಿರಬೇಕು, ಐದೇ ಐದು ಸಾಲು. ನಿಮ್ಮ ಮೆಚ್ಚಿನ ಹುಡುಗ ಮಾಡಿದರೂ ಅದೇ ಶಿಕ್ಷೆ. ಸಿಟ್ಟೇ ಬೇಡ ಇಲ್ಲಿ. ಫ್ಯೂಸ್ ಹೋಗುವಾಗ ಅದಕ್ಕೆ ಸಿಟ್ಟು ಬಂದಿರುತ್ತದೆಯೇ?

ರೀಲ್ಸ್ ವಿಷಯಕ್ಕೆ ಬರೋಣ. 2005ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದೆ, ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತು ಅವರ ಸಹೋದ್ಯೋಗಿ ಮಾಡಿದ್ದು. ಹದಿಹರೆಯದವರನ್ನೂ ದೊಡ್ಡವರನ್ನೂ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟಕ್ಕೆ ಕೂರಿಸಿದರು. ಒಂಟಿಯಾಗಿ ಆಡುವಾಗ ಇಲ್ಲದ ಧೈರ್ಯ ಗೆಳೆಯರು ಪಕ್ಕದಲ್ಲಿ ನಿಂತು ನೋಡುವಾಗ ಹುಡುಗರಿಗೆ ಬಂತು, ಅಪಾಯವನ್ನು ಮೈಮೇಲೆ ಎಳೆದುಕೊಂಡರು. ದೊಡ್ಡವರಲ್ಲಿ ಹಾಗಾಗಲಿಲ್ಲ. ಅಂದರೆ ನಿಮ್ಮ ಶಾಪಿನಲ್ಲಿ ಲೇತಿನ ಸುತ್ತ ಆರು ಜನ ಸುಮ್ನೆ ನಿಂತಿದ್ದಾರೆ ಅಂದರೆ ಅಲ್ಲಿ ಅಪಾಯ ತಯಾರಾಗುತ್ತಿದೆ. ಇಲ್ಲೂ ನನ್ನ ಅದೇ ಚಪ್ಪಾಳೆಯ ರಗಳೆ, ಕ್ಷಮಿಸಿ.

ಅವರು ಯಾಕೆ ನಿಂತಿದ್ದಾರೆ? ಮೆಷಿನ್ ಸಾಲದು, ಸರದಿ ಕಾಯುತ್ತಿದ್ದಾರೆ. ಅಲ್ಲಿ ನಿಮ್ಮ ಕೈಯಲ್ಲಿ ಉಪಾಯ ಇದೆ. 20 ಜನರನ್ನು ನಾಲ್ಕು ಗುಂಪು ಮಾಡಿ. ಒಂದು ಗುಂಪು ಮೆಷಿನ್ನಿಗೆ, ಒಂದು ವೈಸಿನಲ್ಲಿ ಫೈಲಿಂಗಿಗೆ (ಅರದಿಂದ ಉಜ್ಜುವುದಕ್ಕೆ), ಒಂದು ಡ್ರಾಯಿಂಗಿಗೆ, ನಾಲ್ಕನೆಯದು ಅಳತೆಗೆ. ಗಂಟೆಗೊಮ್ಮೆ ಬದಲಿ. ಈ ಅಳತೆ ಗುಂಪು ಇದೆಯಲ್ಲ, ನಿಮ್ಮ ಗಾಳಿ ಪೈಪಿನ ಹುಡುಗನನ್ನು ಅದರ ಮುಖಂಡ ಮಾಡಿ. ಕೈಗೆ ವರ್ನಿಯರ್ ಕೊಡಿ, 0.02 ಮಿಲಿಮೀಟರ್ ತನಕ ಉಳಿದವರ ಜಾಬ್ (ಅವರು ಮಾಡಿದ ತುಂಡು) ಅಳೆದು ಪಾಸ್, ಫೇಲ್ ಬರೆಯಲಿ. ನೀವು ಮತ್ತೆ ನಾಲ್ಕು ಜಾಬ್ ಅಳೆದು ಅವನ ಲೆಕ್ಕ ತಪಾಸಣೆ ಮಾಡಿ. ಅವನಿಗೆ ಬೇಕಾದದ್ದು ಹತ್ತು ಜನ ತನ್ನ ಕಡೆ ನೋಡುವುದು. ನೋಡಲಿ, ಜಾಬ್ ಹಿಡಿದುಕೊಂಡು ಅವನ ಮುಂದೆ ಕ್ಯೂ ನಿಲ್ಲಲಿ.

ಇನ್ನೊಂದು ಮಾತು. ಮೊದಲ ತಿಂಗಳುಗಳಲ್ಲಿ ಒಂದು ಎಂಎಸ್ ಫ್ಲಾಟನ್ನು (ಉಕ್ಕಿನ ಪಟ್ಟಿಯನ್ನು) ಉಜ್ಜಿದ್ದೇ ಉಜ್ಜಿದ್ದು, ಮೂಲೆ ನೋಡುವ ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಬೆಳಕು ನುಸುಳುತ್ತದೆ, ಮತ್ತೆ ಉಜ್ಜು. ಯಾಕೆ ಉಜ್ಜಬೇಕು ಅಂತ ಯಾರೂ ಹೇಳಿರುವುದಿಲ್ಲ. ಹುಡುಗನಿಗೆ ಇದು ಜೈಲಿನ ಕೆಲಸದ ಹಾಗೆ ಕಾಣುತ್ತದೆ. ಪರೇಲ್‌ನಲ್ಲೋ ಮಾಟುಂಗಾದಲ್ಲೋ ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವ ಹಳೆಯ ವಿದ್ಯಾರ್ಥಿ ನಿಮಗೆ ಸಿಕ್ಕೇ ಸಿಗುತ್ತಾನೆ. ಒಂದು ಶನಿವಾರ ಕರೆಸಿ. ಭಾಷಣ ಬೇಡ, ವೈಸಿನ ಮುಂದೆ ನಿಂತು ಅರ್ಧ ಗಂಟೆ ಫೈಲ್ ಹಿಡಿಯಲಿ. ಅಪ್ರೆಂಟಿಸ್ ಆಗಿದ್ದಾಗ ಎಷ್ಟು ಸ್ಟೈಪೆಂಡ್ ಬರುತ್ತಿತ್ತು, ಈಗ ಎಷ್ಟು ಸಂಬಳ ಅಂತ ಹುಡುಗರೇ ಕೇಳುತ್ತಾರೆ. 80 ಪ್ರತಿಶತ ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ನೀವು ನೂರು ಸಲ ಹೆದರಿಸಿದ್ದಕ್ಕಿಂತ ಆ ಪಗಾರದ ಅಂಕಿ ಕೆಲಸ ಮಾಡುತ್ತದೆ.

ಪ್ರಶ್ನೆ: ನನ್ನ ಮಗ ಹನ್ನೆರಡನೇ ಸೈನ್ಸ್. ಮನೆಯಲ್ಲಿ ಹೂವಿನಂಥ ಹುಡುಗ. ಕಾಲೇಜಿನಿಂದ ಮೂರು ಸಲ ಫೋನ್ ಬಂತು, ಲೆಕ್ಚರಿನಲ್ಲಿ ಎದುರು ಮಾತಾಡುತ್ತಾನೆ, ಪಾಲಕರು ಬರಬೇಕು ಅಂತ. ಇವರಿಗೆ ಬೋರಿವಲಿಯಲ್ಲಿ ಹೋಟೆಲ್ ಕೆಲಸ, ರಜೆ ಸಿಗುವುದಿಲ್ಲ, ಸಿಕ್ಕರೂ ‘ನಾಚಿಕೆಗೇಡು, ನೀನೇ ಹೋಗು’ ಅನ್ನುತ್ತಾರೆ. ಹೋಗಿ ಏನು ಹೇಳಲಿ? – ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಹೇಳುವುದಕ್ಕಿಂತ ಕೇಳುವುದಕ್ಕೆ ಹೋಗಿ ಅಮ್ಮಾ. ಮೊದಲ ಹತ್ತು ನಿಮಿಷ ಮಗನನ್ನು ಹೊರಗೆ ಕೂರಿಸಿ. ಅವನ ಎದುರು ಟೀಚರು ಪಟ್ಟಿ ಓದಿದರೆ, ನೀವು ಅತ್ತರೆ, ಮನೆಗೆ ಬರುವ ದಾರಿಯಲ್ಲಿ ಲೋಕಲ್‌ನಲ್ಲಿ ಇಬ್ಬರೂ ಮಾತಿಲ್ಲದೆ ಕೂರುತ್ತೀರಿ, ಅಷ್ಟೇ ಲಾಭ.

ಟೀಚರಿಗೆ ಕೇಳಬೇಕಾದದ್ದು ಇಷ್ಟು. ಯಾವ ಪೀರಿಯಡ್‌ನಲ್ಲಿ? ಎಲ್ಲದರಲ್ಲೂ ಹೌದೋ, ಒಂದರಲ್ಲೇ ಹೌದೋ? ಎಲ್ಲಿ ಕೂರುತ್ತಾನೆ, ಪಕ್ಕದಲ್ಲಿ ಯಾರು? ಅವನು ಎದುರಾಡುವ ಮೊದಲು ಏನು ನಡೆದಿತ್ತು? ಯಾವಾಗಿನಿಂದ? ಈ ‘ಯಾವಾಗಿನಿಂದ’ ಎನ್ನುವುದಕ್ಕೆ ಬರುವ ಉತ್ತರದ ಮೇಲೆ ಎಲ್ಲ ನಿಂತಿದೆ. ಎರಡು ವರ್ಷದಿಂದ ಹೀಗೇ ಅಂದರೆ ಅದು ಸ್ವಭಾವ, ನಿಧಾನಕ್ಕೆ ತಿದ್ದಬಹುದು. ಒಂದು ತಿಂಗಳಿಂದ ಅಂದರೆ ಆ ತಿಂಗಳಲ್ಲಿ ಏನೋ ಆಗಿದೆ. ಒಂದೇ ವಿಷಯದಲ್ಲಿ ಅಂದರೆ ಬಹಳ ಸಲ ಆ ವಿಷಯ ತಲೆಗೆ ಹೋಗುತ್ತಿಲ್ಲ ಅಂತ ಅರ್ಥ. ಈ ವಯಸ್ಸಿನಲ್ಲಿ ದಡ್ಡ ಅನಿಸಿಕೊಳ್ಳುವುದಕ್ಕಿಂತ ಪೋಕರಿ ಅನಿಸಿಕೊಳ್ಳುವುದು ಸುಲಭ.

ಮಗ ರಾತ್ರಿ ಎಷ್ಟು ಗಂಟೆ ಮಲಗುತ್ತಾನೆ? ನೀವು ಬರೆದಿಲ್ಲ, ಆದರೆ ಡೊಂಬಿವಲಿಯ ಸೈನ್ಸ್ ಮಕ್ಕಳ ದಿನಚರಿ ನನಗೆ ಗೊತ್ತು. ಬೆಳಿಗ್ಗೆ 5:30ಕ್ಕೆ ಎದ್ದು ಕಾಲೇಜು, ಮಧ್ಯಾಹ್ನದಿಂದ ಕೋಚಿಂಗ್ ಕ್ಲಾಸು, ರಾತ್ರಿ 9ಕ್ಕೆ ಮನೆ, ಆಮೇಲೆ ಮೊಬೈಲು. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ವೈದ್ಯರು ಹೇಳುತ್ತಾರೆ. ಐದು ಗಂಟೆ ಮಲಗಿದವನು ಎದುರಾಡದೆ ಇನ್ನೇನು ಮಾಡುತ್ತಾನೆ? ಮೇಲಾಗಿ ಲಕ್ಷಗಟ್ಟಲೆ ಕೊಟ್ಟು ಕೋಚಿಂಗಿಗೆ ಹಾಕಿ, ಕಾಲೇಜು ಬರೀ ಹಾಜರಿಗೆ ಅಂತ ನಾವೇ ಊಟದ ಹೊತ್ತಿನಲ್ಲಿ ಮಾತಾಡಿರುತ್ತೇವೆ. ಮಗನಿಗೂ ಕೇಳಿಸಿರುತ್ತದೆ.

ಇದ್ದಕ್ಕಿದ್ದಂತೆ ಬದಲಾಗಿದ್ದರೆ, ಊಟ ಬಿಟ್ಟಿದ್ದರೆ, ಗೆಳೆಯರನ್ನೂ ಬಿಟ್ಟಿದ್ದರೆ ಮಾತ್ರ ತಡ ಮಾಡಬೇಡಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ. ಯಾರಾದರೂ ಪೀಡಿಸುತ್ತಿದ್ದಾರೆ ಅನಿಸಿದರೆ 1098. ಇನ್ನು ನಿಮ್ಮ ಯಜಮಾನರಿಗೆ ಈ ಪುಟ ಓದಿಸಿ: ಸ್ವಾಮಿ, ಒಂದು ಮಧ್ಯಾಹ್ನ ರಜೆ ಹಾಕಿ. ಅಪ್ಪ ಬಂದಿದ್ದಾರೆ ಅನ್ನುವುದೇ ಹುಡುಗನಿಗೆ ದೊಡ್ಡ ವಿಷಯ.

ಪ್ರಶ್ನೆ: ಅಂಕಲ್, ನಾನು ಮುಲುಂಡಿನಲ್ಲಿ ಹನ್ನೊಂದನೇ ಕ್ಲಾಸು. ಕನ್ನಡ ಬರೆಯಲು ಬರುವುದಿಲ್ಲ, ಅಜ್ಜಿ ಬರೆದುಕೊಡುತ್ತಿದ್ದಾರೆ. ಎಲ್ಲರೂ ಗಲಾಟೆ ಮಾಡುತ್ತಾರೆ, ಸರ್ ನನ್ನೊಬ್ಬನನ್ನೇ ಹಿಡಿಯುತ್ತಾರೆ. ನನ್ನ ಎತ್ತರ 6 ಅಡಿ 1 ಇಂಚು. ನಾನೇನು ಮಾಡಲಿ?

ಉತ್ತರ: ಎತ್ತರ ಬರೆದದ್ದು ಒಳ್ಳೆಯದಾಯಿತು ಮಗಾ, ಅರ್ಧ ಉತ್ತರ ಅಲ್ಲೇ ಇದೆ. 60 ತಲೆಗಳ ಮೇಲೆ ಒಂದು ತಲೆ ಕಂಡರೆ ಸರ್ ಕಣ್ಣು ಅಲ್ಲಿಗೇ ಹೋಗುತ್ತದೆ. ಒಮ್ಮೆ ನಿನ್ನ ಹೆಸರು ಬಾಯಿಗೆ ಬಂದರೆ ಮುಗಿಯಿತು, ಆಮೇಲೆ ಎಲ್ಲಿ ಸದ್ದಾದರೂ ಅದೇ ಹೆಸರು. ನಾನೂ ಹೀಗೆ ಮಾಡಿದ್ದೇನೆ, ತಪ್ಪು ನಮ್ಮದೇ.

ಲೆಕ್ಚರ್ ಮುಗಿದ ಮೇಲೆ ಒಬ್ಬನೇ ಹೋಗು. ಗೆಳೆಯರನ್ನು ಕರಕೊಂಡು ಹೋಗಬೇಡ. ‘ಸರ್, ನಾನು ಕೆಲವು ಸಲ ಮಾತಾಡುತ್ತೇನೆ, ಎಲ್ಲ ಸಲ ಅಲ್ಲ. ಮೂರು ವಾರ ಮುಂದಿನ ಬೆಂಚಿನ ಗೋಡೆ ಬದಿಗೆ ಕೂರುತ್ತೇನೆ, ನೋಡಿ ಹೇಳಿ’ ಅನ್ನು. ಮೊದಲ ವಾಕ್ಯ ನುಂಗಬೇಡ, ಅದಿಲ್ಲದೆ ಉಳಿದದ್ದನ್ನು ಯಾರೂ ನಂಬುವುದಿಲ್ಲ. ಅಜ್ಜಿಗೆ ನಮಸ್ಕಾರ ಹೇಳು, ಅಕ್ಷರ ಮುತ್ತಿನ ಹಾಗಿದೆ.

ಪ್ರಶ್ನೆ: ರಾತ್ರಿ ಜೂನಿಯರ್ ಕಾಲೇಜಿನಲ್ಲಿ ಕಲಿಸುತ್ತೇನೆ. ಸಂಜೆ 6:30ಕ್ಕೆ ಶುರು. ಅರ್ಧ ಜನ ಹಗಲೆಲ್ಲ ದುಡಿದು ಬಂದು ಮಲಗುತ್ತಾರೆ. ಇಬ್ಬರು ಡೆಲಿವರಿ ಹುಡುಗರು ನಡುವೆಯೇ ಫೋನ್ ಎತ್ತಿಕೊಂಡು ಹೊರಗೆ ಓಡುತ್ತಾರೆ. ಒಬ್ಬ ಬಾಯಲ್ಲಿ ಗುಟ್ಕಾ ತುಂಬಿಕೊಂಡೇ ‘ಪ್ರೆಸೆಂಟ್’ ಅನ್ನುತ್ತಾನೆ. ಶಿಸ್ತು ಹೇಗೆ ತರಲಿ? – ಒಬ್ಬ ಉಪನ್ಯಾಸಕ, ಅಂಧೇರಿ

ಉತ್ತರ: ಮಲಗಿದವನನ್ನು ಗಲಾಟೆಯ ಪಟ್ಟಿಯಿಂದ ಮೊದಲು ತೆಗೆಯಿರಿ. ನಮ್ಮ ಹಿಂದಿನ ತಲೆಮಾರಿನವರು ಉಡುಪಿ, ಮಂಗಳೂರು ಕಡೆಯಿಂದ ಬಂದು ಹಗಲಿಡೀ ಹೋಟೆಲಿನಲ್ಲಿ ಗ್ಲಾಸು ತೊಳೆದು, ರಾತ್ರಿ ಫೋರ್ಟಿನಲ್ಲೋ ಮತ್ತೆಲ್ಲೋ ಕನ್ನಡ ರಾತ್ರಿ ಶಾಲೆಗೆ ಹೋದವರು. ಆಮೇಲೆ ಅವರಲ್ಲಿ ಎಷ್ಟೋ ಜನ ಬ್ಯಾಂಕಿಗೆ ಹೋದರು, ವಕೀಲರಾದರು. ಅವರೂ ಬೆಂಚಿನ ಮೇಲೆ ತಲೆ ಇಟ್ಟು ಮಲಗಿದ್ದರು, ಅದನ್ನು ಅವರ ಬಾಯಿಂದಲೇ ಕೇಳಿದ್ದೇನೆ. ರಾತ್ರಿ ಕ್ಲಾಸಿನಲ್ಲಿ ನಾನು ಮಾಡುತ್ತಿದ್ದುದು ಇಷ್ಟೇ: ಮೊದಲ ಹತ್ತು ನಿಮಿಷ ಯಾರನ್ನೂ ಎಬ್ಬಿಸುತ್ತಿರಲಿಲ್ಲ. ಮುಖ ತೊಳೆಯಲಿ, ಚಹಾ ಬಂದರೆ ಕುಡಿಯಲಿ. ಆ ಹತ್ತು ನಿಮಿಷ ಬಿಟ್ಟು ಉಳಿದದ್ದು ನನ್ನದು. 25 ನಿಮಿಷಕ್ಕಿಂತ ಉದ್ದ ಭಾಷಣ ಹೊಡೆಯುತ್ತಿರಲಿಲ್ಲ, ನಡುವೆ ಎದ್ದು ನಿಂತು ಜೋಡಿಯಾಗಿ ಮಾಡುವ ಕೆಲಸ ಏನಾದರೂ ಕೊಡುತ್ತಿದ್ದೆ. ನಿಂತವನಿಗೆ ನಿದ್ದೆ ಬರುವುದು ಕಷ್ಟ. ಬಾಂದ್ರಾದಿಂದ ವಿರಾರ್ ತನಕ ನಿಂತೇ ಮಲಗುವವರೂ ಇದ್ದಾರೆ ಅನ್ನಿ.

ಪ್ರಶ್ನೆ ಕೇಳಿದ ಮೇಲೆ ಸ್ವಲ್ಪ ಕಾಯಿರಿ. ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ಅಳೆದು ನೋಡಿದ್ದರು, ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು ಸುಮಾರು ಒಂದು ಸೆಕೆಂಡು. ಅದನ್ನು 3 ಸೆಕೆಂಡು ಮಾಡಿದರೆ ಉತ್ತರಗಳು ಉದ್ದವಾದವು, ಸುಮ್ಮನಿರುವ ಮಕ್ಕಳೂ ಬಾಯಿ ಬಿಟ್ಟರು. ದಣಿದವರಿಗೆ ಐದು ಸೆಕೆಂಡು ಕೊಡಿ. ಮೌನಕ್ಕೆ ಹೆದರಿ ನೀವೇ ಉತ್ತರ ಹೇಳಿಬಿಟ್ಟರೆ ಅವರು ಮತ್ತೆ ತಲೆ ಇಡುತ್ತಾರೆ.

ಡೆಲಿವರಿ ಹುಡುಗರ ಫೋನನ್ನು ಕಿತ್ತುಕೊಳ್ಳಬೇಡಿ, ಅದು ಅವರ ಅನ್ನ. ಕೂತು ಒಪ್ಪಂದ ಮಾಡಿಕೊಳ್ಳಿ: ಕ್ಲಾಸಿನ ಹೊತ್ತಿಗೆ ಆ್ಯಪಿನಿಂದ ಲಾಗೌಟ್, ನಡುವೆ ಐದು ನಿಮಿಷ ಬಿಡುವು ಖಂಡಿತ, ತೀರಾ ತುರ್ತು ಇದ್ದ ದಿನ ಬರುವಾಗಲೇ ಹೇಳಿ ಬಾಗಿಲ ಬಳಿ ಕೂರಬೇಕು. ಮಾತು ತಪ್ಪಿದರೆ ಏನು ಅಂತ ಅವರೇ ಹೇಳಲಿ. ನೀವು ಹಾಕುವುದಕ್ಕಿಂತ ಬಿಗಿ ಶಿಕ್ಷೆಯನ್ನೇ ಅವರು ಹೇಳುತ್ತಾರೆ, ನೀವು ಸ್ವಲ್ಪ ಇಳಿಸಬೇಕಾಗುತ್ತದೆ.

ಗುಟ್ಕಾ ವಿಷಯದಲ್ಲಿ ರಿಯಾಯಿತಿ ಇಲ್ಲ. ಮಹಾರಾಷ್ಟ್ರದಲ್ಲಿ 2012ರಿಂದ ಅದರ ಮಾರಾಟಕ್ಕೇ ನಿಷೇಧ ಇದೆ. 2003ರ ತಂಬಾಕು ಕಾಯ್ದೆ ಪ್ರಕಾರ ಶಾಲೆ ಕಾಲೇಜಿನ 100 ಗಜದೊಳಗೆ ಯಾವ ತಂಬಾಕನ್ನೂ ಮಾರುವ ಹಾಗಿಲ್ಲ. ಗೇಟಿನ ಎದುರಿನ ಪಾನ್ ಟಪರಿಯ ಬಗ್ಗೆ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಪೊಲೀಸ್ ಠಾಣೆಗೆ ಬರೆಯಿರಿ. ಹುಡುಗನಿಗೆ ಮಾತ್ರ ಎಲ್ಲರೆದುರು ಏನೂ ಹೇಳಬೇಡಿ. ನಲ್ಲಿ ಕಡೆ ಬೆರಳು ತೋರಿಸಿ, ಬಾಯಿ ತೊಳೆದು ಬಂದ ಮೇಲೆ ಹಾಜರಿ ಹಾಕಿ. ದಿನಾ. ಬೇಸರವಿಲ್ಲದೆ. ಮೂರನೇ ವಾರಕ್ಕೆ ಅವನೇ ತೊಳೆದುಕೊಂಡು ಬರುತ್ತಾನೆ, ಚಟ ಬಿಡದಿದ್ದರೂ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ನಮ್ಮ ಕಾಲದಲ್ಲಿ ಇಂಥ ಅಶಿಸ್ತು ಇರಲೇ ಇಲ್ಲ. ಈಗಿನ ಮಕ್ಕಳನ್ನು ಮೊಬೈಲ್ ಹಾಳು ಮಾಡಿದೆ ಅಲ್ಲವೇ? – ಹಿರಿಯ ಓದುಗ, ಚೆಂಬೂರು

ಉತ್ತರ: ಇತ್ತು ಸ್ವಾಮಿ. ನಾನೇ ಮಾಡುತ್ತಿದ್ದೆ.

ಊರಲ್ಲಿ ಪಿಯುಸಿ ಓದುವಾಗ ಒಂದು ಮಳೆಗಾಲ ಬೆಂಕಿಪೊಟ್ಟಣದಲ್ಲಿ ದೊಡ್ಡ ಜೀರುಂಡೆ ಹಿಡಿದುಕೊಂಡು ಹೋಗಿ ಗಣಿತದ ಕ್ಲಾಸಿನಲ್ಲಿ ಬಿಟ್ಟೆ. ಲಾಗರಿದಮ್ ನಡೆಯುತ್ತಿತ್ತು. ಅದು ಝುಂಯ್ ಅಂತ ಹಾರಿ ಬೋರ್ಡಿಗೆ ಬಡಿಯಿತು, ಹುಡುಗಿಯರು ಕಿರುಚಿದರು, ನನ್ನ ಬೆಂಚಿನವರು ಬೆಂಚಿನಡಿ ನನ್ನ ಬೆನ್ನು ತಟ್ಟಿದರು. ಮಾಸ್ತರರು ಬರೆಯುವುದನ್ನು ನಿಲ್ಲಿಸಲಿಲ್ಲ. ಎಡಗೈಯಿಂದ ಕಿಟಕಿ ತೆರೆದರು, ಬಲಗೈ ಬರೆಯುತ್ತಲೇ ಇತ್ತು. ಜೀರುಂಡೆ ಹೋಯಿತು. ಯಾರು ಅಂತ ಕೇಳಲೂ ಇಲ್ಲ. ನನಗೆ ಇಡೀ ಗಂಟೆ ಹೊಟ್ಟೆಯೊಳಗೆ ಒಂಥರಾ ಆಗುತ್ತಿತ್ತು, ಬೈದಿದ್ದರೆ ವಾಸಿಯಿತ್ತು.

ಕ್ಲಾಸು ಬಿಟ್ಟ ಮೇಲೆ ವರಾಂಡದ ತುದಿಯಲ್ಲಿ, ಹತ್ತಿರ ಯಾರೂ ಇಲ್ಲದಾಗ, ಕೈ ಚಾಚಿದರು. ನಾನು ಮಾತಿಲ್ಲದೆ ಬೆಂಕಿಪೊಟ್ಟಣ ಕೊಟ್ಟೆ. ಬೀಡಿ ಬಾಯಿಗಿಟ್ಟು ಪೊಟ್ಟಣ ತೆರೆದು ನೋಡಿದರು. ಆಗ ಬೈದರು, ಒಂದು ಕಡ್ಡಿಯನ್ನಾದರೂ ಉಳಿಸಬಾರದಿತ್ತೇನೋ ಅಂತ.